ಗುಬ್ಬಿಯ ತುಂಬುತೋಳಿನ ಅಂಗಿ

ಹೊಲಿಗೆ ಅಂಗಡಿಯಿಂದ,
ಮೇ ೧೯, ಗುರುವಾರ ಮಧ್ಯಾಹ್ನ

ನನ್ನ ಪ್ರೀತಿಯ ಸಿಡುಕಿಗೆ,

ನಿನ್ನ ಸೋದರಮಾವನ ಆಶೀರ್ವಾದ. ಇತ್ತ ನಾವು ಇದ್ದ ಹಾಗೆಯೇ ಇದ್ದೇವೆ. ಅತ್ತ ನೀನು ಊಟ ಬಿಡದೆ, ನಿದ್ದೆಗೆಡದೆ, ತರಬೇತಿಯ ಬಸ್ಸನ್ನು ಯಾವ ಗೋಡೆಗೂ ಗುದ್ದದೆ ಇದ್ದೀಯೆಂದು ನಂಬಿದ್ದೇವೆ.

ನಿನ್ನ ಮೊದಲ ಕಾಗದಕ್ಕೂ ಉತ್ತರ ಬರೆಯಲಿಲ್ಲ, ಅದರ ಬೆನ್ನಿಗೇ ಬಂದ ಎರಡನೆಯದಕ್ಕೂ ಬರೆಯಲಿಲ್ಲ. ತಪ್ಪಾಯಿತು. ಬರೆಯಲು ಕೂತಾಗಲೆಲ್ಲ ಯಾರಾದರೊಬ್ಬರು ಬಂದು ‘ಚಡ್ಡಿ ಸೊಂಟಕ್ಕೆ ನಿಲ್ತಿಲ್ಲ’ ಎಂದು ಮಗುವನ್ನೇ ಮೇಜಿನ ಮೇಲೆ ನಿಲ್ಲಿಸುತ್ತಾರೆ. ಶಾಲೆ ಶುರುವಾಗುವ ಕಾಲ. ಇಡೀ ಬೀದಿಯ ಮಕ್ಕಳ ಸಮವಸ್ತ್ರ ನನ್ನ ತಲೆಯ ಮೇಲಿದೆ. ಬೇರೆ ದರ್ಜಿಯಾಗಿದ್ದರೆ ಬಾಗಿಲಿಗೆ ಬೀಗ ಜಡಿದು ಓಡಿಹೋಗುತ್ತಿದ್ದ. ನಾನಾದ ಕಾರಣ ನಿಂತಿದ್ದೇನೆ. ಇದು ಬಡಾಯಿಯಲ್ಲ, ಯಾರನ್ನು ಬೇಕಾದರೂ ಕೇಳು. ಆದರೆ ಈ ಸಲ ಸೊಂಟ ನನ್ನ ಮಾತು ಕೇಳುತ್ತಿಲ್ಲ. ಪೆಡಲ್ ತುಳಿದು ಎದ್ದರೆ ನೆಟ್ಟಗಾಗಲು ಸ್ವಲ್ಪ ಹೊತ್ತು ಬೇಕು. ಗಿರಾಕಿಗಳು ನಾನು ಬಗ್ಗಿ ನಮಸ್ಕಾರ ಮಾಡುತ್ತಿದ್ದೇನೆಂದು ತಿಳಿದು ಅವರೂ ಬಗ್ಗುತ್ತಾರೆ.

ಇವತ್ತು ಬೆಳಿಗ್ಗೆ ಪಕ್ಕದ ಔಷಧದಂಗಡಿಯವನು, ಅದೇ ನಮ್ಮ ಮಾತ್ರೆಯಣ್ಣ, ಓಡಿಬಂದ. “ಯಜಮಾನ್ರೇ, ನಿಮ್ಮ ಅಕ್ಕನ ಮಗಳು ಫೋನ್ ಮಾಡಿದ್ಲು. ಮಗು ಹೇಗಿದೆ ಅಂದ್ಲು. ಮೈಯೆಲ್ಲಾ ಕೆಂಪಗೆ ಗುಳ್ಳೆ ಎದ್ದಿತ್ತಲ್ಲಮ್ಮ, ಈಗ ಹೇಗಿದ್ಯೋ ನಾನು ನೋಡಿಲ್ಲ ಅಂದೆ. ಫೋನ್ ಇಟ್ಟೇಬಿಟ್ಲು. ಯಾಕೆ?” ಎಂದ. ಯಾಕೆ ಎಂದು ಬೇರೆ ಕೇಳುತ್ತಾನೆ! ಆಮೇಲೆ ಮತ್ತೆ ಫೋನ್ ಮಾಡಿ, ನನ್ನಿಂದ ಸುದ್ದಿ ಬರದಿದ್ದರೆ ಎಲ್ಲ ಬಿಟ್ಟು ಸೋಮವಾರ ಹೊರಟುಬರುತ್ತೇನೆ ಎಂದೆಯಂತೆ. ನಾನೇ ಫೋನಿನಲ್ಲಿ ಹೇಳೋಣವೆಂದರೆ ಅವನು ಪಕ್ಕದಲ್ಲೇ ನಿಂತು ನನ್ನ ಪ್ರತಿ ಮಾತಿಗೂ ತನ್ನದೊಂದು ಗುಳ್ಳೆ ಸೇರಿಸುತ್ತಾನೆ. ಅದಕ್ಕೇ ಈ ಕಾಗದ. ನಿಮ್ಮ ಡಿಪೋ ಕಡೆ ಹೋಗುವ ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ನಾಳೆ ನಿನಗೆ ಸಿಗುತ್ತದೆ.

ಹೊರಡಬೇಡ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ನೀನು ಯಾವ ಕಾಗದವನ್ನೂ ಕೊನೆಯವರೆಗೆ ಓದುವವಳಲ್ಲ. ನಿನ್ನ ಮಗಳು ಗುಬ್ಬಿ ಚೆನ್ನಾಗಿದ್ದಾಳೆ. ಜ್ವರವಿಲ್ಲ, ಹಾಲು ಬಿಟ್ಟಿಲ್ಲ. ಡಾಕ್ಟರು ನೋಡಿ, ಹೆದರುವಂಥದ್ದೇನೂ ಅಲ್ಲ ಎಂದಿದ್ದಾರೆ. ಮುಂದಿನ ವಾರ ನಿನಗೆ ಕೊನೆಯ ಪರೀಕ್ಷೆ. ಈಗ ಬಿಟ್ಟು ಬಂದರೆ ಮತ್ತೆ ಒಳಗೆ ಸೇರಿಸುವುದಿಲ್ಲವೆಂದು ನೀನೇ ಬರೆದಿದ್ದೆ. ಎಲ್ಲವನ್ನೂ ನಡೆದ ಹಾಗೆ ಹೇಳುತ್ತೇನೆ, ಕೂತು ಓದು. ಓದಿದ ಮೇಲೂ ಬರಬೇಕೆನಿಸಿದರೆ ನಿನ್ನ ಇಷ್ಟ. ಆದರೆ ಅನಿಸಬಾರದು.

ಶುರುವಾದದ್ದು ಏನೂ ಅಲ್ಲದ ಒಂದು ವಿಷಯದಿಂದ. ನೀನು ಹೋದ ಸ್ವಲ್ಪ ದಿನಕ್ಕೆ, ನಿನ್ನ ಅತ್ತೆ ಗುಬ್ಬಿಗೆ ಸ್ನಾನ ಮಾಡಿಸುವಾಗ ಕರೆದಳು: “ರೀ, ಇಲ್ಲಿ ಮುಟ್ಟಿ ನೋಡಿ.” (ನಿನಗೆ ಇಬ್ಬರೂ ಅತ್ತೆಯರೇ. ಬರೆಯುವವನಿಗೆ ತಲೆ ಕೆಡಬಾರದೆಂದು ನನ್ನ ಹೆಂಡತಿಯನ್ನು ನಿನ್ನ ಅತ್ತೆ ಎನ್ನುತ್ತೇನೆ, ನಿನ್ನ ಗಂಡನ ತಾಯಿಯನ್ನು ಬೀಗಿತ್ತಿ ಎನ್ನುತ್ತೇನೆ.) ಮುಟ್ಟಿದೆ. ಎರಡು ತೋಳಿನ ಹಿಂಭಾಗದಲ್ಲೂ ಸಣ್ಣಸಣ್ಣ ಗುಳ್ಳೆ. ಮರಳು ಕಾಗದ ಸವರಿದ ಹಾಗಿತ್ತು. ಕೆಂಪಿಲ್ಲ, ತುರಿಕೆಯಿಲ್ಲ. ಮಗು ನಗುತ್ತ ನೀರನ್ನು ನನ್ನ ಮುಖಕ್ಕೆ ಎರಚುತ್ತಿತ್ತು.

ಅಲ್ಲಿಗೆ ಬಿಟ್ಟಿದ್ದರೆ ಈ ಕಾಗದವೇ ಇರುತ್ತಿರಲಿಲ್ಲ. ಆದರೆ ನಮ್ಮ ಬೀದಿಯಲ್ಲಿ ಒಂದು ಗುಳ್ಳೆ ಎದ್ದರೆ ಹತ್ತು ವೈದ್ಯರು ಏಳುತ್ತಾರೆ. ಮಾತ್ರೆಯಣ್ಣ ಒಂದು ಮುಲಾಮಿನ ಟ್ಯೂಬು ಕೊಟ್ಟು “ಇದು ದೊಡ್ಡವರ ಗಾಯಕ್ಕೇ ಕೆಲಸ ಮಾಡುತ್ತೆ, ಇನ್ನು ಮಕ್ಕಳ ಗುಳ್ಳೆ ಯಾವ ಲೆಕ್ಕ?” ಎಂದ. ಮೇಲ್ಮನೆಯಾಕೆ ಮೆಟ್ಟಿಲಲ್ಲೇ ನಿಂತು “ಪೌಡರ್ ಹಾಕಿ, ಧಾರಾಳವಾಗಿ ಹಾಕಿ. ನಮ್ಮನೆ ಮಕ್ಕಳು ಪೌಡರಲ್ಲೇ ಬೆಳೆದ್ವು” ಎಂದಳು. ಆ ಮಕ್ಕಳು ಬೆಳ್ಳಗೆ ಬೂದಿ ಹಚ್ಚಿಕೊಂಡ ಹಾಗೆ ಓಡಾಡುತ್ತಿದ್ದದ್ದು ನನಗೆ ನೆನಪಿದೆ. ಎದುರಿನ ಇಸ್ತ್ರಿಯಣ್ಣ ಮಾತ್ರ “ಹಲ್ಲು ಬರ್ತಿದೆ, ಸುಮ್ನಿರಿ” ಎಂದ. ಅವನಿಗೆ ಎಲ್ಲದಕ್ಕೂ ಹಲ್ಲೇ ಕಾರಣ. ಕಳೆದ ತಿಂಗಳು ಕರೆಂಟ್ ಹೋದಾಗಲೂ ಅದನ್ನೇ ಹೇಳುವನೆಂದು ಕಾದಿದ್ದೆ.

ನಿನ್ನ ಅತ್ತೆ ಬೆಳಿಗ್ಗೆ ಎಣ್ಣೆ ಹಚ್ಚಿದಳು. ಅವಳು ಒಳಗೆ ಹೋದಾಗ ನಾನು ಮುಲಾಮು ಹಚ್ಚಿದೆ. ಮಧ್ಯಾಹ್ನ ಮೇಲ್ಮನೆಯಾಕೆ ಇಳಿದುಬಂದು ಇಬ್ಬರಿಗೂ ಹೇಳದೆ ಪೌಡರ್ ಸುರಿದಳು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಎಲ್ಲರಿಗೂ ತಾನೊಬ್ಬನೇ ಮಗುವನ್ನು ಉಳಿಸುತ್ತಿದ್ದೇನೆಂಬ ಹೆಮ್ಮೆ. ಸಂಜೆಗೆ ಗುಬ್ಬಿ ಹಿಟ್ಟಿನಲ್ಲಿ ಹೊರಳಿಸಿ ತೆಗೆದ ಹಾಗೆ ಕಂಡಳು. ಇದು ಸಾಲದೆಂದು ನಾನು ಸಾಬೂನು ಬದಲಿಸಿದೆ. ಅಂಗಡಿಯಲ್ಲಿದ್ದದ್ದರಲ್ಲೇ ಘಮಘಮ ಎನ್ನುವುದನ್ನು ತಂದೆ. ಅದರ ವಾಸನೆಗೆ ನಾನೇ ಸೀನಿದೆ.

ಆಮೇಲೆ ಕತ್ತಿನ ಮಡಿಕೆಯಲ್ಲಿ, ಬೆನ್ನ ಮೇಲೆ ನಿಜವಾದ ಕೆಂಪು ಗುಳ್ಳೆಗಳೆದ್ದವು. ಬಿಸಿಲೂ ಹಾಗೇ ಇತ್ತು. ಮಗು ಕೆರೆದುಕೊಳ್ಳಲು ಶುರುಮಾಡಿತು.

ಅಷ್ಟರಲ್ಲಿ ಬೀಗಿತ್ತಿ ಬರುತ್ತಾರೆಂಬ ಸುದ್ದಿ ಬಂತು.

ನೀನು ತರಬೇತಿಗೆ ಹೊರಟ ದಿನ ಅವರು ನಮ್ಮ ಹೊಸ್ತಿಲಲ್ಲಿ ನಿಂತು ಏನೆಂದರು ಎಂಬುದು ನಿನಗೆ ಗೊತ್ತು. “ಅವಳು ಬಸ್ ಓಡಿಸ್ತಾಳಂತೆ, ನನ್ನ ಮಗ ಹಡಗಲ್ಲಿ ಇರ್ತಾನಂತೆ, ಮಗೂನ ದರ್ಜಿ ಸಾಕ್ತಾನಂತೆ! ಆಗ್ಲಿ. ಮಗುವಿಗೆ ಒಂದು ಚೂರು ಏನಾದ್ರೂ ಆದ್ರೆ ಮಾತ್ರ ನಾನು ಎತ್ಕೊಂಡು ಹೋಗ್ತೀನಿ. ಆಮೇಲೆ ಅವಳೂ ಸುಮ್ನೆ ಮನೆಗೆ ಬರ್ಬೇಕು.” ಅವತ್ತು ನಾನು ಮೀಸೆ ತಿರುವಿ, “ಬೀಗಿತ್ತಿಯವರೇ, ಈ ಕೈಯಲ್ಲಿ ಊರಿನ ಅರ್ಧ ಮಕ್ಕಳು ಬೆಳೆದಿದ್ದಾರೆ” ಎಂದಿದ್ದೆ. ಬೆಳೆದದ್ದು ಅವರ ಅಂಗಿಗಳು, ಅದು ಬೇರೆ ಮಾತು. ಮನೆಯಲ್ಲಿ ಮಗುವಿಲ್ಲದೆ ನಮ್ಮಿಬ್ಬರಿಗೆ ವಯಸ್ಸಾಯಿತು. ನಿನ್ನನ್ನು ನಿನ್ನಮ್ಮ ನಮ್ಮ ಕೈಗೆ ಕೊಟ್ಟಾಗ ನಿನಗಾಗಲೇ ಜಡೆ ಹಾಕಿಕೊಳ್ಳುವಷ್ಟು ಬುದ್ಧಿಯಿತ್ತು.

ಈಗ ಆ ಒಂದು ಚೂರು ಆಗಿಬಿಟ್ಟಿತ್ತು, ಅದೂ ಕತ್ತಿನ ಸುತ್ತ, ಯಾರ ಕಣ್ಣಿಗೂ ಬೀಳುವ ಹಾಗೆ. ಬೀಗಿತ್ತಿ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ನೀನು ಪರೀಕ್ಷೆ ಬಿಟ್ಟು ಬರುತ್ತೀಯ, ಆಯಿತಲ್ಲ ಕಥೆ ಎಂದುಕೊಂಡೆ. ನಿನ್ನ ಅತ್ತೆ “ಡಾಕ್ಟ್ರಿಗೆ ತೋರಿಸಿ, ಅವರು ಬಂದಾಗ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ರೀ” ಎಂದಳು. ನನಗೆ ಆ ಬುದ್ಧಿ ಬರಲಿಲ್ಲ. ಕತ್ತರಿ ಹಿಡಿದವನಿಗೆ ಎಲ್ಲ ಕಷ್ಟವೂ ಬಟ್ಟೆಯಿಂದ ಮುಚ್ಚುವಂಥದ್ದಾಗಿಯೇ ಕಾಣುತ್ತದೆ. “ಸುಮ್ನೆ ನೋಡ್ತಿರು. ಅವರು ಮೂರು ಹೊತ್ತು ಕಣ್ಣು ಕಿರಿದು ಮಾಡಿ ನೋಡಿದ್ರೂ ಒಂದು ಗುಳ್ಳೆ ಕಾಣಬಾರದು, ಹಾಗೆ ಹೊಲೀತೀನಿ” ಎಂದೆ.

ಬ್ಯಾಂಡಿನವರ ಕೋಟು ಹೊಲಿದು ಉಳಿದ ಕಡುನೀಲಿ ಬಟ್ಟೆಯಿತ್ತು. ಗಂಜಿ ಹಾಕಿದ ಹೊಸ ಬಟ್ಟೆ, ಮಡಚಿದರೆ ರಟ್ಟಿನ ಹಾಗೆ ನಿಲ್ಲುತ್ತದೆ. ಒಗೆದರೆ ಗತ್ತು ಹೋಗುತ್ತದೆಂದು ಒಗೆಯಲಿಲ್ಲ. ಮಣಿಕಟ್ಟಿನವರೆಗೆ ತುಂಬುತೋಳು, ಗದ್ದಕ್ಕೆ ತಾಗುವ ನಿಲುವು ಕಾಲರ್, ಅದರೊಳಗೆ ಕ್ಯಾನ್ವಾಸ್, ಪೂರ್ತಿ ಲೈನಿಂಗ್, ಕತ್ತಿನಿಂದ ಹೊಟ್ಟೆಯವರೆಗೆ ಹತ್ತಿರ ಹತ್ತಿರ ಗುಂಡಿಗಳು. ಗುಬ್ಬಿ ಗುಂಡಿ ಕಿತ್ತು ಬಾಯಿಗಿಡಬಾರದೆಂದು ದಪ್ಪ ದಾರದಲ್ಲಿ ಹೊಲಿದೆ. ಅವಳೇ ಬಿಚ್ಚಿಕೊಳ್ಳಬಾರದೆಂದು ಗುಂಡಿ ತೂರುವ ಕಾಜಾ ಬಿಗಿಯಾಗಿ ಮಾಡಿದೆ. ಸಿಡುಕಿ, ಆ ಅಂಗಿಯ ಹೊಲಿಗೆ ನೋಡಿದ್ದರೆ ನನ್ನ ಗುರು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಒಂದು ದಾರ ಹೊರಗಿಲ್ಲ, ಒಂದು ಸುಕ್ಕಿಲ್ಲ. ಇಸ್ತ್ರಿಯಣ್ಣ ಅದಕ್ಕೆ ಮಡಿಕೆ ಕೂರಿಸುತ್ತ, “ಯಜಮಾನ್ರೇ, ಮಗು ಯಾವ ದೇಶದ ಸೈನ್ಯಕ್ಕೆ ಸೇರ್ತಿದೆ?” ಎಂದ.

ಬೀಗಿತ್ತಿ ಬಂದ ದಿನ ಗಾಳಿ ಅನ್ನುವುದೇ ಇರಲಿಲ್ಲ. ಅವರ ಬಸ್ಸು ತಡವಾಯಿತು. ಬೆಳಿಗ್ಗೆಯೇ ತೊಡಿಸಿದ ಅಂಗಿಯನ್ನು, ಅವರು ಯಾವ ಗಳಿಗೆಯಲ್ಲಿ ಬಂದುಬಿಡುತ್ತಾರೋ ಎಂದು, ನಾನು ಬಿಚ್ಚಗೊಡಲಿಲ್ಲ. ನಿನ್ನ ಅತ್ತೆ ಎರಡು ಸಲ ಕೈ ಹಾಕಲು ಬಂದಳು, ಎರಡು ಸಲವೂ ಗದರಿದೆ. ಗುಬ್ಬಿ ಮೊದಮೊದಲು ಹೊಳೆಯುವ ಗುಂಡಿಗಳನ್ನು ಬೆರಳಲ್ಲಿ ಒತ್ತುತ್ತ ಆಡಿದಳು. ಆಮೇಲೆ ಕಾಲರ್ ಎಳೆದಳು. ಆಮೇಲೆ ಕತ್ತರಿಸುವ ಮೇಜಿನ ಕೆಳಗೆ ಹೋಗಿ ಮುದುಡಿ ಕೂತಳು.

ಬೀಗಿತ್ತಿ ಬಂದವರೇ ಬಾಗಿಲಲ್ಲಿ ನಿಂತು, “ಇದೇನ್ರೀ ಬೀಗರೇ, ಇದು ನನ್ನ ಮೊಮ್ಮಗಳೋ ಬ್ಯಾಂಡ್ ಮಾಸ್ಟ್ರೋ?” ಎಂದರು.

“ಮಾಸ್ಟ್ರಮ್ಮ,” ಎಂದೆ. “ಮೊಮ್ಮಗಳು ನಿಮ್ಮದಾದ್ರೂ ಹೊಲಿಗೆ ನನ್ನದು. ಪೇಟೆಯಲ್ಲಿ ಇಂಥದ್ದು ಸಿಗಲ್ಲ.”

“ಈ ಸೆಕೆಯಲ್ಲಿ?”

“ಅವಳಿಗೆ ಗಾಳಿ ಆಗಲ್ಲ. ಶೀತ ಆಗುತ್ತೆ.”

“ಯಾವಾಗಿಂದ?”

“ಇತ್ತೀಚೆಗೆ.”

ಅವರು ನಿನ್ನ ಅತ್ತೆಯ ಮುಖ ನೋಡಿದರು. ನಿನ್ನ ಅತ್ತೆ ಇದ್ದಕ್ಕಿದ್ದ ಹಾಗೆ ಲೋಟ ತೊಳೆಯಲು ಹೋದಳು. ತೊಳೆದ ಲೋಟವನ್ನೇ ತೊಳೆಯುತ್ತಿದ್ದಳು.

ಬೀಗಿತ್ತಿ ಕೈ ಚಾಚಿದರು. ಗುಬ್ಬಿ ಹೋದಳು. ಎತ್ತಿಕೊಂಡ ಕೂಡಲೇ ಅವರ ಮುಖ ಬದಲಾಯಿತು. “ಮಗು ಕುದೀತಿದೆಯಲ್ರೀ” ಎಂದರು. ಕಾಲರಿನ ಒಳಗೆ ಬೆರಳು ಹಾಕಲು ನೋಡಿದರು, ಬೆರಳು ಹೋಗಲಿಲ್ಲ. ಗುಬ್ಬಿ ಕಿರುಚಿದಳು. ಅದು ಹಟದ ಅಳುವಲ್ಲ. ಆ ಥರದ್ದನ್ನು ನಾನು ಮೊದಲು ಕೇಳಿರಲಿಲ್ಲ. ಬೀಗಿತ್ತಿ ಗುಂಡಿಗೆ ಕೈ ಹಾಕಿದರು, ಬರಲಿಲ್ಲ. ನಿನ್ನ ಅತ್ತೆ ಒದ್ದೆ ಕೈಯಲ್ಲೇ ಓಡಿಬಂದಳು, ಬರಲಿಲ್ಲ. ನಾನು ಹಾಕಿದ ಗುಂಡಿ, ನಾನು ಹೊಡೆದ ಕಾಜಾ. ಬೆವರಿಗೆ ಬಟ್ಟೆ ಉಬ್ಬಿ ನನ್ನ ಬೆರಳಿಗೂ ಬಗ್ಗಲಿಲ್ಲ. ಮಗು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಒದೆಯುತ್ತಿತ್ತು. ಮೇಲ್ಮನೆಯಾಕೆ ಮೆಟ್ಟಿಲಿಳಿದು ಬಂದು “ಏನಾಯ್ತು? ಏನಾಯ್ತು?” ಎಂದು ಕೂಗುತ್ತಿದ್ದಳು.

ಕತ್ತರಿ ತಂದೆ. ದೊಡ್ಡ ಕತ್ತರಿ, ಗಾಬರಿಯಲ್ಲಿ ಕೈಗೆ ಅದೇ ಸಿಕ್ಕಿತು. ನಿನ್ನ ಅತ್ತೆ ಮಗುವಿನ ಕೈಗಳನ್ನು ಹಿಡಿದಳು, ಬೀಗಿತ್ತಿ ತಲೆ ಹಿಡಿದರು. ನಾನು ಕತ್ತಿನ ಹತ್ತಿರ ಎರಡು ಬೆರಳು ಒಳಗೆ ತೂರಿಸಿ, ಬೆರಳಿನ ಮೇಲೆ ಕತ್ತರಿಯಿಟ್ಟು, ಕಾಲರನ್ನು ಕತ್ತರಿಸಿದೆ. ಇಷ್ಟು ವರ್ಷದಲ್ಲಿ ಎಷ್ಟು ಬಟ್ಟೆಗೆ ಕತ್ತರಿ ಹಾಕಿದ್ದೇನೆ, ಮೈಮೇಲಿದ್ದ ಬಟ್ಟೆಗೆ ಹಾಕಿದ್ದು ಅದೊಂದೇ ಸಲ. ಮಗುವಿಗೆ ತಾಗಲಿಲ್ಲ. ನಿನ್ನ ಮೇಲಾಣೆ, ಕೂದಲೆಳೆಯಷ್ಟೂ ತಾಗಲಿಲ್ಲ. ನನ್ನ ಬೆರಳಿಗೆ ಸ್ವಲ್ಪ ಗೀರಿತು.

ಅಂಗಿ ಬಿಚ್ಚಿಕೊಂಡಿತು. ಕತ್ತು, ಎದೆ, ಬೆನ್ನು, ಮೊಣಕೈಯ ಮಡಿಕೆ, ಎಲ್ಲ ಕೆಂಪು. ಲೈನಿಂಗಿನ ಹೊಲಿಗೆ ಒತ್ತಿದ ಗುರುತು ಗೆರೆ ಎಳೆದ ಹಾಗೆ ಮೂಡಿತ್ತು.

ಬೀಗಿತ್ತಿ ಅಂಗಿಯನ್ನು ಎತ್ತಿ ಒಳಹೊರಗೆ ತಿರುಗಿಸಿ ನೋಡಿದರು.

“ಇದನ್ನ ನನ್ನ ಕಣ್ಣಿಂದ ಮುಚ್ಚಿಡೋಕೆ ಹೊಲಿದ್ರಾ?”

“ಹೌದು,” ಎಂದೆ.

“ಚೆನ್ನಾಗಿ ಹೊಲಿದಿದ್ದೀರಿ,” ಎಂದು ಅದನ್ನು ಮಡಚಿ ಮೇಜಿನ ಮೇಲಿಟ್ಟರು. ಅವರು ನಾಲ್ಕು ಮಾತು ಬೈದಿದ್ದರೆ ನಾನು ಐದು ತಿರುಗಿಸಿ ಕೊಡುತ್ತಿದ್ದೆ. “ನಡೀರಿ ಡಾಕ್ಟ್ರ ಹತ್ರ,” ಎಂದರು.

ಮಕ್ಕಳ ಡಾಕ್ಟರು ಹೆಂಗಸು, ನಿನ್ನದೇ ವಯಸ್ಸು. ಬೆಂಚಿನ ತುಂಬ ಕೆಮ್ಮುವ ಮಕ್ಕಳು. ಆಕೆಗೂ ಬೆಳಗಿನಿಂದ ಉಸಿರು ಬಿಡಲು ಆಗಿರಲಿಲ್ಲವೆಂದು ಕಾಣುತ್ತದೆ. ಮಗುವಿನ ಬೆನ್ನನ್ನು ನೋಡಿ ಕುರ್ಚಿಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದಳು.

“ಬೆವರುಸಾಲೆ. ಬೆವರು ಹೊರಗೆ ಬರೋ ದಾರಿ ಮುಚ್ಚಿಕೊಂಡಿದೆ. ಏನೇನು ಹಚ್ಚಿದ್ರಿ?”

“ಎಣ್ಣೆ,” ಎಂದಳು ನಿನ್ನ ಅತ್ತೆ.

“ಮುಲಾಮು,” ಎಂದೆ ನಾನು.

ನಿನ್ನ ಅತ್ತೆ ನನ್ನ ಕಡೆ ತಿರುಗಿ “ಮುಲಾಮಾ? ಯಾವಾಗ?” ಎಂದಳು.

“ಪೌಡರೂ ಇದೆ,” ಎಂದು ಡಾಕ್ಟರೇ ಕತ್ತಿನ ಮಡಿಕೆಯಿಂದ ಒಂದು ಚೂರು ಗಾರೆ ತೆಗೆದು ತೋರಿಸಿದಳು. “ಎಲ್ಲಾ ನಿಲ್ಲಿಸಿ. ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡ್ಸಿ. ಉಜ್ಜಬೇಡಿ, ಮೆತ್ತಗೆ ಒತ್ತಿ ಒರೆಸಿ. ವಾಸನೆ ಇರೋ ಸಾಬೂನು ಬೇಡ. ತೆಳು ಹತ್ತಿ ಬಟ್ಟೆ, ಸಡಿಲವಾಗಿರಲಿ. ಹೊಸದಾದ್ರೆ ಒಗೆದು ಹಾಕಿ. ಗಾಳಿ ಆಡೋ ಕಡೆ ಮಲಗ್ಸಿ. ಕೆರೆದು ಗಾಯ ಮಾಡ್ಕೊಳ್ದೆ ಇರೋ ಹಾಗೆ ಉಗುರು ಕತ್ತರಿಸಿ. ಕೆಲವು ದಿನದಲ್ಲಿ ತಾನಾಗೇ ಹೋಗುತ್ತೆ. ಜ್ವರ ಬಂದ್ರೆ, ಗುಳ್ಳೆಯಲ್ಲಿ ಕೀವು ಕಂಡ್ರೆ, ಹಾಲು ಬಿಟ್ಟು ಮಂಕಾದ್ರೆ ಮಾತ್ರ ತಕ್ಷಣ ಕರ್ಕೊಂಡು ಬನ್ನಿ.”

“ತೋಳಿನ ಮೇಲಿನ ಈ ಒರಟು ಗುಳ್ಳೆ? ಮೊದಲು ಬಂದಿದ್ದು ಅದೇ,” ಎಂದೆ.

ಆಕೆ ಬೆರಳಿನಿಂದ ಸವರಿ ನೋಡಿದಳು. “ಇದು ಬೇರೆ. ಒಣಚರ್ಮ ಅಷ್ಟೆ. ಬಹಳ ಮಕ್ಕಳಿಗೆ ಇರುತ್ತೆ. ಇದಕ್ಕೆ ಏನೂ ಮಾಡಬೇಕಾಗಿರ್ಲಿಲ್ಲ.”

ಏನೂ ಮಾಡಬೇಕಾಗಿರಲಿಲ್ಲ. ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ಕೊನೆಯಲ್ಲಿ ಆಕೆ “ಮಗೂನ ನೋಡ್ಕೊಳ್ಳೋರು ಯಾರು?” ಎಂದು ಕೇಳಿದಾಗ ನಾನು, ನಿನ್ನ ಅತ್ತೆ, ಬೀಗಿತ್ತಿ, ಮೂವರೂ ಒಟ್ಟಿಗೆ “ನಾನು” ಎಂದೆವು. ಆಕೆ ಮೂವರನ್ನೂ ನೋಡಿ, “ಯಾರಾದ್ರೂ ಒಬ್ರು ನೋಡ್ಕೊಳ್ಳಿ,” ಎಂದಳು. ಬೆಂಚಿನ ಮೇಲಿದ್ದವರು ನಕ್ಕರು.

ಮನೆಗೆ ಬಂದು ಬೀಗಿತ್ತಿ ಸ್ನಾನ ಮಾಡಿಸಿದರು. ಹಳೆಯ ಮೆತ್ತನೆಯ ಹಾಸು ಬಟ್ಟೆಯ ಮೇಲೆ, ಕಿಟಕಿಯ ಹತ್ತಿರ, ಮೈಮೇಲೆ ಏನೂ ಇಲ್ಲದೆ ಗುಬ್ಬಿ ಕೈಕಾಲು ಚೆಲ್ಲಿ ನಿದ್ದೆ ಹೋದಳು. ನಾನು ಬಾಗಿಲ ಹತ್ತಿರ ಕಾಯುತ್ತಿದ್ದೆ. ಈಗ ಹೇಳುತ್ತಾರೆ, ಗಂಟು ಕಟ್ಟಿ ಎನ್ನುತ್ತಾರೆ ಎಂದು. ಉತ್ತರವನ್ನೂ ಜೋಡಿಸಿಟ್ಟುಕೊಂಡಿದ್ದೆ, ನಮ್ಮೂರ ಶಾಲೆಯ ಭಾಷಣದಲ್ಲಿ ಬಹುಮಾನ ತೆಗೆದುಕೊಂಡ ನಾಲಿಗೆ ಇದು. ಅವರು ನೆಲದಿಂದ ಏಳಲು ಹೋದರು. ಆಗಲಿಲ್ಲ. ಇನ್ನೊಂದು ಸಲ ನೋಡಿದರು. ಗೋಡೆ ಹಿಡಿದರು. ಕೊನೆಗೆ ನಾನೊಂದು ಕೈ, ನಿನ್ನ ಅತ್ತೆಯೊಂದು ಕೈ ಹಿಡಿದು ಎಳೆದೆವು. ನನ್ನ ಸೊಂಟ ಕಟ್ಟೆಂದಿತು. ನಾನು ಬಾಗಿಯೇ ಉಳಿದೆ, ಅವರು ಅರ್ಧ ಎದ್ದು ನಿಂತರು, ನಿನ್ನ ಅತ್ತೆ ನಮ್ಮಿಬ್ಬರನ್ನೂ ನೋಡಿ ಸೆರಗು ಬಾಯಿಗೊತ್ತಿಕೊಂಡಳು. ಮಗು ಏಳುತ್ತದೆಂದು ಮೂವರೂ ಸದ್ದಿಲ್ಲದೆ ನಕ್ಕೆವು. ನಗುವಿಗೂ ತ್ರಾಣ ಬೇಕಲ್ಲ, ಬೇಗ ಮುಗಿಯಿತು.

ಕುರ್ಚಿಯಲ್ಲಿ ಕೂತ ಮೇಲೆ ಬೀಗಿತ್ತಿ ಹೇಳಿದರು: “ಕರ್ಕೊಂಡು ಹೋಗೋಣ ಅಂತಲೇ ಬಂದಿದ್ದೆ ಬೀಗರೇ. ಸುಳ್ಳು ಯಾಕೆ ಹೇಳ್ಲಿ, ಚೀಲದಲ್ಲಿ ಅವಳಿಗೆ ಹೊಸ ತಟ್ಟೆ ಲೋಟ ಕೂಡ ಇದೆ. ಆದ್ರೆ ಅಲ್ಲಿ ನಾನೊಬ್ಬಳೇ. ಹೀಗೆ ನೆಲದಲ್ಲಿ ಕೂತ್ಬಿಟ್ರೆ ಎಬ್ಬಿಸೋರು ಯಾರು? ಅವಳು ಬಾಗಿಲು ದಾಟಿ ಓಡಿದ್ರೆ ಹಿಡಿಯೋರು ಯಾರು?”

ನಾನು ಜೋಡಿಸಿಟ್ಟ ಭಾಷಣವೆಲ್ಲ ವ್ಯರ್ಥವಾಯಿತು.

“ಹಾಗಾದ್ರೆ ಇಲ್ಲೇ ಇರಿ,” ಎಂದಳು ನಿನ್ನ ಅತ್ತೆ. ಅವಳು ಈ ಮನೆಯಲ್ಲಿ ನನ್ನನ್ನು ಕೇಳದೆ ತೆಗೆದುಕೊಂಡ ಮೊದಲ ತೀರ್ಮಾನ ಅದು ಎಂದು ಬರೆಯಬೇಕೆಂದಿದ್ದೆ. ಯೋಚಿಸಿದರೆ ಎಲ್ಲ ತೀರ್ಮಾನಗಳೂ ಹಾಗೆಯೇ ಆಗಿವೆ.

ಬೀಗಿತ್ತಿ ಇದ್ದಾರೆ. ಅಂಗಳದ ಕಡೆಯ ಕೋಣೆ ಅವರದು. ನಿನ್ನ ಅತ್ತೆಗೂ ಅವರಿಗೂ ನೀರು ಎಷ್ಟು ಬಿಸಿಯಿರಬೇಕು ಎಂಬುದರ ಮೇಲೆ ದಿನಾ ಒಂದು ಸುತ್ತು ಮಾತು ನಡೆಯುತ್ತದೆ. ಇಬ್ಬರೂ ಒಟ್ಟಿಗೆ ಮೊಣಕೈ ಅದ್ದಿ ನೋಡುತ್ತಾರೆ. ನೀರು ಅಷ್ಟರಲ್ಲಿ ಆರಿಹೋಗಿ ಇಬ್ಬರದೂ ಸೋಲು. ನಾನು ಯಾರ ಪಕ್ಷವನ್ನೂ ಹಿಡಿಯುವುದಿಲ್ಲ, ನಾನೂ ಬದುಕಬೇಕು. ಮುಲಾಮನ್ನು ಮಾತ್ರೆಯಣ್ಣನ ಮೇಜಿನ ಮೇಲೆ ಎಸೆದು ಬಂದೆ. ಮೇಲ್ಮನೆಯಾಕೆ ಪೌಡರ್ ಡಬ್ಬಿ ಹಿಡಿದು ಇಳಿದರೆ ಬೀಗಿತ್ತಿ ಮೆಟ್ಟಿಲಿಗೇ ಕುರ್ಚಿ ಅಡ್ಡ ಹಾಕಿಕೊಂಡು ಕೂರುತ್ತಾರೆ. ಕೆಂಪು ಇಳಿದು ಈಗ ಕತ್ತಿನಲ್ಲಿ ಸಣ್ಣಗೆ ಸಿಪ್ಪೆ ಏಳುತ್ತಿದೆ, ಬೆನ್ನು ಹೆಚ್ಚುಕಮ್ಮಿ ಮೊದಲಿನ ಹಾಗಾಗಿದೆ. ತೋಳಿನ ಮೇಲಿನ ಮರಳು ಕಾಗದ ಇನ್ನೂ ಇದೆ, ಇರಲಿ. ಅದರ ಸುದ್ದಿಗೆ ಯಾರೂ ಹೋಗುವುದಿಲ್ಲವೆಂದು ತೀರ್ಮಾನವಾಗಿದೆ.

ಹಳೆಯ ಹಾಸು ಬಟ್ಟೆ ಕತ್ತರಿಸಿ, ಕುದಿನೀರಲ್ಲಿ ಒಗೆಸಿ, ಅವಳಿಗೆ ಅಂಗಿಗಳನ್ನು ಹೊಲಿದೆ. ತೋಳಿಲ್ಲ, ಕಾಲರಿಲ್ಲ, ಗುಂಡಿಯಿಲ್ಲ. ಹೆಗಲ ಮೇಲೊಂದು ಸಡಿಲ ಗಂಟು ಅಷ್ಟೆ. ನನ್ನ ಅರ್ಧ ವಿದ್ಯೆಗೆ ಅದರಲ್ಲಿ ಜಾಗವೇ ಇಲ್ಲ. ಆದರೂ ಅಂಚು ನೋಡು ನೀನು ಬಂದಾಗ, ಒರಟು ಅನ್ನುವುದು ಬೆರಳಿಗೆ ಸಿಗುವುದಿಲ್ಲ.

ಹೀಗೆ ಎಲ್ಲ ಬರೆದ ಮೇಲೆ ನಿನಗೆ ನನ್ನ ಮೇಲೆ ಸಿಟ್ಟು ಬಂದಿರುತ್ತದೆ. ಬರಲಿ, ಅದು ನಿನ್ನ ಹುಟ್ಟುಗುಣ. ಆದರೆ ಸಿಟ್ಟಿನಲ್ಲಿ ಗಂಟು ಕಟ್ಟಬೇಡ. ನಿನ್ನೆ ಬೀಗಿತ್ತಿ ಅಂಗಡಿಗೆ ಬಂದು ಕೂತಿದ್ದಾಗ, “ಅವಳು ಬಸ್ ಓಡಿಸೋದು ನನಗೆ ಇಷ್ಟ ಇಲ್ಲ, ಈಗ್ಲೂ ಇಲ್ಲ. ಆದ್ರೆ ಅರ್ಧಕ್ಕೆ ಬಿಟ್ಟು ಬಂದು ಜನ್ಮವಿಡೀ ಮುಖ ಗಂಟು ಹಾಕ್ಕೊಂಡು ಕೂತಿರೋಳನ್ನ ಸಂಭಾಳಿಸೋ ಶಕ್ತಿ ನನಗಿಲ್ಲ. ಮುಗಿಸ್ಕೊಂಡೇ ಬಾ ಅಂತ ಬರೀರಿ,” ಎಂದರು. ಅವರ ಬಾಯಿಂದ ಬಂದ ಹಾಗೆಯೇ ಬರೆದಿದ್ದೇನೆ, ನನ್ನದೇನೂ ಸೇರಿಸಿಲ್ಲ.

ನಾವು ಮೂವರೂ ದಣಿದಿದ್ದೇವೆ, ಅದನ್ನೂ ಮುಚ್ಚಿಡುವುದಿಲ್ಲ. ಒಬ್ಬರು ಎತ್ತಿಕೊಂಡಾಗ ಇನ್ನೊಬ್ಬರು ಕೂರುತ್ತೇವೆ. ಗುಬ್ಬಿ ಮಧ್ಯಾಹ್ನ ಮಲಗಿದರೆ ಮನೆಗೆ ಮನೆಯೇ ಇದ್ದಲ್ಲೇ ಒರಗುತ್ತದೆ. ಮೊನ್ನೆ ಗಿರಾಕಿಯೊಬ್ಬ ಒಂದು ಹೊತ್ತು ಬಾಗಿಲಲ್ಲಿ ಕೂಗಿ ಕೂಗಿ ವಾಪಸು ಹೋದನಂತೆ. ಆದರೂ ನಡೆಯುತ್ತದೆ. ನೀನು ಬರುವವರೆಗೆ ನಡೆಸುವುದು ನಮಗೆ ಬಿಟ್ಟದ್ದು.

ಪರೀಕ್ಷೆಯ ದಿನ ಹಿಂದಕ್ಕೆ ತೆಗೆಯುವಾಗ ಅವಸರ ಮಾಡಬೇಡ, ಕನ್ನಡಿಯನ್ನು ಎರಡೆರಡು ಸಲ ನೋಡು. ನಾನು ಬಸ್ ಓಡಿಸಿಲ್ಲ, ಓಡಿಸಿದ್ದರೆ ನಿಮ್ಮ ತರಬೇತಿಯವರಿಗೇ ಪಾಠ ಹೇಳುತ್ತಿದ್ದೆ. ನಿನ್ನ ಕೈ ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ, ನೀನು ಹಿಡಿದ ದಾರಿ ನಿನಗೆ ದಕ್ಕಲಿ. ನಿನ್ನ ಇಬ್ಬರು ಅತ್ತೆಯರೂ ಹರಸಿದ್ದಾರೆ, ಬೇರೆಬೇರೆಯಾಗಿ.

ಇಂತಿ ನಿನ್ನನ್ನು ಹೊರಡಿಸಿ ಕಳಿಸಿದ,
ಹೊಲಿಗೆ ಮಾವ

ವಿ.ಸೂ.: ಕಾಗದ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅಂಗಿ ಕತ್ತರಿಸಿದ ಆ ದಿನದಿಂದ ಗುಬ್ಬಿ ನನ್ನ ಹತ್ತಿರ ಬರುತ್ತಿಲ್ಲ. ಅತ್ತೆಯರಿಬ್ಬರ ಕೈಯಲ್ಲೂ ನಗುತ್ತ ಅಂಗಿ ಹಾಕಿಸಿಕೊಳ್ಳುತ್ತಾಳೆ, ಇಸ್ತ್ರಿಯಣ್ಣ ಕರೆದರೂ ಹೋಗುತ್ತಾಳೆ. ನಾನು ಕೈ ಚಾಚಿದರೆ ಎರಡೂ ಕೈಯನ್ನು ಕತ್ತಿನ ಮೇಲಿಟ್ಟುಕೊಂಡು ಹಿಂದಕ್ಕೆ ಸರಿಯುತ್ತಾಳೆ. ಅಳುವುದಿಲ್ಲ, ಸುಮ್ಮನೆ ನನ್ನ ಕೈಗಳನ್ನೇ ನೋಡುತ್ತಾಳೆ. ಹೊಸ ಅಂಗಿಗಳಿಗೆ ಅಳತೆ ತೆಗೆಯಲು ಆಗಲಿಲ್ಲ, ಅವಳು ಮಲಗಿದ್ದಾಗ ದೂರದಿಂದ ನೋಡಿ ಅಂದಾಜಿನಲ್ಲಿ ಕತ್ತರಿಸಿದೆ. ನಿನ್ನ ಅತ್ತೆ ‘ಮಕ್ಕಳು ಮರೀತಾವೆ ಬಿಡಿ’ ಎನ್ನುತ್ತಾಳೆ. ಇರಬಹುದು. ಇದಕ್ಕೆಂದು ನೀನು ಮೊದಲೇ ಬರಬೇಡ. ಎಲ್ಲ ಮುಗಿಸಿ ಬಂದ ದಿನ, ಅವಳನ್ನು ಎತ್ತಿಕೊಂಡು ಅಂಗಡಿಗೆ ಬಂದು ನನ್ನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತಿರು. ಅವಳಿಗೆ ಏನೂ ಹೇಳಬೇಡ. ನಾನು ಕೈ ಚಾಚುವುದಿಲ್ಲ.